ಸತ್ತೈತಿ ಅಂದ ಬೋರಿನಿಂದ ದಿನಕ್ಕೆ 4,000 ಲೀಟರ್: ನನ್ನ ಅನುಭವ

ಕುಷ್ಟಗಿ ಕಡೆ ನಮ್ಮ ಮನೆ. ಹಿತ್ತಿಲಲ್ಲಿರುವ ಬೋರು 320 ಅಡಿ, ಆರೂವರೆ ಇಂಚಿನದು. ಮೇಲೆ ಮಣ್ಣು ಕುಸಿಯದಂತೆ 40 ಅಡಿ ಕೇಸಿಂಗ್ ಪೈಪು, ಅದರ ಕೆಳಗೆಲ್ಲ ಗಟ್ಟಿ ಕಲ್ಲು. 290 ಅಡಿಗೆ 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರು, ಒಂದೂಕಾಲು ಇಂಚಿನ ಜಿಐ ಪೈಪು. ಹತ್ತು-ಹನ್ನೊಂದು ವರ್ಷ ತಕರಾರಿಲ್ಲದೆ ನಡೆದದ್ದು, ಎರಡು ವರ್ಷದ ಹಿಂದಿನ ಬ್ಯಾಸಿಗೆಯಲ್ಲಿ ಕೈಕೊಟ್ಟಿತು. ಬಟನ್ ಒತ್ತಿದರೆ ಹನ್ನೆರಡು-ಹದಿಮೂರು ನಿಮಿಷ ನೀರು, ಆಮೇಲೆ ಬುಸುಬುಸು ಗಾಳಿ, ಹಿಂದೆಯೇ ಕೆಂಪು ಕೆಸರು.

ಮೋಟಾರು ಎತ್ತುವ ಹುಡುಗರು ಬಂದವರೇ, "ಅಣ್ಣಾರ, ಸೆಲಿ ಮುಗದೈತ್ರಿ. ಬೋರ್ ಸತ್ತಂಗ. ಹೊಸ ಪಾಯಿಂಟ್ ನೋಡಸ್ರಿ" ಅಂದರು. ನಮ್ಮ ಮಾವನವರು ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆತಂದು ಮೂಲೆಯಲ್ಲಿ ಗೂಟವನ್ನೂ ಹೊಡೆಸಿಬಿಟ್ಟರು. 600 ಅಡಿ, ಕೇಸಿಂಗ್, ಮೋಟಾರು, ಕೇಬಲ್ಲು ಎಲ್ಲ ಸೇರಿಸಿದರೆ ಒಂದೂಮುಕ್ಕಾಲು ಲಕ್ಷದ ಹತ್ತಿರ ಲೆಕ್ಕ ಬಂತು. ಓಣಿಯಲ್ಲಿ ಅದೇ ವರ್ಷ ಮೂವರು ಹೊಸ ಬೋರು ಹೊಡೆಸಿದ್ದರು. ಇಬ್ಬರಿಗೆ ಬರೀ ಧೂಳು ಬಂದಿತ್ತು. ನಾನು ಒಪ್ಪಲಿಲ್ಲ.

ಒಪ್ಪದಿದ್ದರೂ ಮೊದಮೊದಲು ಕಳೆದದ್ದೇ ಹೆಚ್ಚು. ಪ್ಯಾನೆಲ್ ಬೋರ್ಡಿನ ಎರಡೂ ಕೆಪಾಸಿಟರ್ ಬದಲಿಸಿದೆ, ನಾನೂರೋ ಐನೂರೋ ಹೋಯಿತು. ವೈಂಡಿಂಗ್ ದುರ್ಬಲ ಆಗಿದೆ ಅಂದರು, ಎತ್ತಿಸಿ ಕಟ್ಟಿಸಿದೆ, ಎತ್ತುವ ಇಳಿಸುವ ಕೂಲಿ ಸೇರಿ ಸುಮಾರು 6,500. ಕಂಪ್ರೆಸರ್ ತರಿಸಿ ಫ್ಲಶಿಂಗ್, ಅಂದರೆ ಗಾಳಿ ಬಿಟ್ಟು ಬೋರು ತೊಳೆಯುವುದು, ಮಾಡಿಸಿದೆ, ಅದಕ್ಕೆ 9,000. ಮೂರು ದಿನ ಚೆಂದ ನೀರು ಬಂದು ನಾಲ್ಕನೇ ದಿನ ಮತ್ತೆ ಅದೇ ಗಾಳಿ. ಮನೆಯವಳು ಎರಡು ಎಮ್ಮೆಗೆ ಕೊಡದಲ್ಲಿ ನೀರು ಹೊರುವುದನ್ನು ನೋಡಿದಾಗ ಮಾವನವರ ಗೂಟದ ಕಡೆಗೇ ಕಣ್ಣು ಹೋಗುತ್ತಿತ್ತು.

ದಾರಿ ಸಿಕ್ಕಿದ್ದು ಕಿವಿಯಿಂದ. ಒಂದು ರಾತ್ರಿ ಮೋಟಾರು ಬಂದ್ ಮಾಡಿ ಕೇಸಿಂಗಿಗೆ ಕಿವಿ ಇಟ್ಟೆ. ಒಳಗೆ ಸೊರ್ ಅಂತ ನೀರು ಬೀಳುವ ಸದ್ದು. ಮರುದಿನ ಮತ್ತೆ ಚಾಲೂ ಮಾಡಿ ಮೊಬೈಲಿನಲ್ಲಿ ಟೈಮ್ ಹಿಡಿದೆ. ಮೊದಲೆಲ್ಲ ಬಟನ್ ಒತ್ತಿದ ಕೂಡಲೇ ಟಾಕಿಗೆ ಬೀಳುತ್ತಿದ್ದ ನೀರು ಈಗ 40 ಸೆಕೆಂಡಿಗೆ ಬಂತು. ಅಂದರೆ ನಿಂತಾಗ ಪೈಪು ಖಾಲಿಯಾಗುತ್ತಿದೆ. ನಮ್ಮ ಮೋಟಾರು ಎತ್ತುವುದು ನಿಮಿಷಕ್ಕೆ 55 ಲೀಟರ್ ಆಸುಪಾಸು. 40 ಸೆಕೆಂಡಿಗೆ 36-37 ಲೀಟರ್. ಒಂದೂಕಾಲು ಇಂಚಿನ ಪೈಪಿನಲ್ಲಿ ಅಡಿಗೆ ಸುಮಾರು 0.3 ಲೀಟರ್ ಹಿಡಿಯುತ್ತದೆ. ಹಾಗಾದರೆ ತೂತು 120 ಅಡಿ ಸುತ್ತಮುತ್ತ. ನೀರು ವಾಪಸ್ ಇಳಿಯದಂತೆ ಪಂಪಿನ ಹತ್ತಿರ ತಡೆಯುವ ವಾಲ್ವೇ ಹೋಗಿದ್ದರೆ ಪೈಪು ಒಳಗಿನ ನೀರಿನ ಮಟ್ಟದ ತನಕ ಇಳಿದು ಇನ್ನೂ ಹೊತ್ತು ಹಿಡಿಯಬೇಕಿತ್ತು.

ಒಂದೊಂದು ಪೈಪು 20 ಅಡಿ ಲೆಕ್ಕ. ಹುಡುಗರಿಗೆ "ಆರನೇ ಪೈಪು ಏಳನೇ ಪೈಪಿನ ನಡುವಿನ ಕಪ್ಲಿಂಗ್ ನೋಡ್ರಪಾ" ಅಂದೆ. ನಕ್ಕರು. ಎತ್ತುತ್ತ ಎತ್ತುತ್ತ ಆರು ಪೈಪು ಹೊರಗೆ ಬಂದ ಮೇಲೆ ಕಪ್ಲಿಂಗಿನ ಕೆಳಗೆ ತುಕ್ಕು ತಿಂದು, ಜೋಳದ ಕಾಳು ಹೋಗುವಷ್ಟು ತೂತು. ಸುತ್ತಲಿನ ಪೈಪೆಲ್ಲ ನೀರಿನ ಚಿಮ್ಮಿಗೆ ಉಜ್ಜಿ ಬೆಳ್ಳಗಾಗಿತ್ತು. ಆಮೇಲೆ ನಗು ನಿಂತಿತು.

ಆದರೆ ಆ ತೂತು ಮುಚ್ಚಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡದ್ದು ತಪ್ಪು. ಹೊಸ ಪೈಪು ಹಾಕಿಸಿದ ಮೇಲೆ ನೀರು ಕೂಡಲೇ ಬಂತು, ಹದಿಮೂರು ನಿಮಿಷಕ್ಕೆ ಗಾಳಿಯೂ ಬಂತು. ಪುಣ್ಯಕ್ಕೆ ಮೋಟಾರು ಇಳಿಸುವಾಗಲೇ ಕೇಬಲ್ಲಿನ ಜೊತೆ ಮುಕ್ಕಾಲು ಇಂಚಿನ ಕರಿ ಪೈಪೊಂದನ್ನು 280 ಅಡಿವರೆಗೆ ಕಟ್ಟಿ ಇಳಿಸಿದ್ದೆ, ಸುಮಾರು 2,500 ಖರ್ಚು. ಅದರೊಳಗೆ ದಾರ ಬಿಟ್ಟರೆ ಎಲ್ಲೂ ಸಿಕ್ಕಿಕೊಳ್ಳದೆ ನೀರಿನ ಮಟ್ಟ ಸಿಗುತ್ತದೆ. ದಾರದ ತುದಿಗೆ ಏನು ಕಟ್ಟಿದೆ ಅನ್ನುವುದು ನನ್ನಲ್ಲೇ ಇರಲಿ. ನೀರು ಮುಟ್ಟಿದ ಕೂಡಲೇ 'ಟೊಪ್' ಅಂತ ಮೇಲೆ ಸ್ಪಷ್ಟವಾಗಿ ಕೇಳುತ್ತದೆ.

ಬೆಳಗಿನ ಜಾವ ಅಳೆದರೆ ನೀರು 180 ಅಡಿಗೆ. ಮೋಟಾರಿನ ಮೇಲೆ 110 ಅಡಿ ನೀರು ನಿಂತಿದೆ. ಆರೂವರೆ ಇಂಚಿನ ಬೋರಿನಲ್ಲಿ ಅಡಿಗೆ ಆರೂವರೆ ಲೀಟರ್; ನೆನಪಿಡಲು ಸಲೀಸು. ಅಂದರೆ 700 ಚಿಲ್ಲರೆ ಲೀಟರ್. 55ರಿಂದ ಭಾಗಿಸಿದರೆ ಹದಿಮೂರು ನಿಮಿಷ! ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಗಾಳಿ ಬರುವ ತನಕ ಎಳೆದು, ನಿಲ್ಲಿಸಿ, ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ದಾರ ಬಿಟ್ಟೆ. ಮೊದಲ ತಾಸಿನಲ್ಲಿ 60 ಅಡಿ ಏರಿತು, ಎರಡನೇ ತಾಸಿನಲ್ಲಿ 30, ಆಮೇಲೆ ನಿಧಾನ. ಸೆಲೆ ತಾಸಿಗೆ ಸುಮಾರು 400 ಲೀಟರ್ ಕೊಡುತ್ತಿದೆ. ನಾವು ತಾಸಿಗೆ 3,000 ಲೀಟರ್ ಕೇಳುತ್ತಿದ್ದೆವು. ಬೋರು ಕೊಡುತ್ತಲೇ ಇತ್ತು.

ಸಣ್ಣ ಪಂಪು ಹಾಕಬಹುದಿತ್ತು, ಆದರೆ ಕಟ್ಟಿಸಿದ ಮೋಟಾರು ಇದೆ, ಕೈಯಲ್ಲಿ ಕಾಸಿಲ್ಲ. ಟೈಮರ್ ಹಾಕಿದೆ: 8 ನಿಮಿಷ ಚಾಲೂ, 90 ನಿಮಿಷ ಬಂದ್. ಒಂದು ಸರ್ತಿಗೆ 400 ಲೀಟರ್, ಮಟ್ಟ ಸುಮಾರು 60 ಅಡಿ ಇಳಿಯುತ್ತದೆ, ಮೋಟಾರಿನ ಮೇಲೆ ಇನ್ನೂ ನೀರಿರುವಾಗಲೇ ನಿಲ್ಲುತ್ತದೆ. ಕೆಸರು ಒಂದು ವಾರದಲ್ಲಿ ನಿಂತುಹೋಯಿತು. ಮೋಟಾರು ಎಳೆಯುವ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 12 ಆಂಪಿಯರ್ ಅಲ್ಲಾಡದೆ ನಿಂತಿರುತ್ತದೆ. ಮೊದಲು ಗಾಳಿ ಹಿಡಿದಾಗ 8ಕ್ಕೆ ಕುಸಿಯುತ್ತಿತ್ತು.

ಮೊದಲ ಟೈಮರ್ 900 ರೂಪಾಯಿಯದು, ಕರೆಂಟು ಹೋದಾಗಲೆಲ್ಲ ಇಟ್ಟ ಲೆಕ್ಕ ಮರೆಯುತ್ತಿತ್ತು. ನಮ್ಮಲ್ಲಿ ಕರೆಂಟು ದಿನಕ್ಕೆ ಎಷ್ಟು ಸರ್ತಿ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಸೆಲ್ ಇರುವುದನ್ನು 1,700ಕ್ಕೆ ತಂದೆ. ಸಂಜೆ ಆರೂವರೆಯಿಂದ ಒಂಬತ್ತರ ತನಕ ವೋಲ್ಟೇಜು 170ಕ್ಕೆ ಬಿದ್ದು ಮೋಟಾರು ಗುಂಯ್ ಅನ್ನುತ್ತದೆ, ಆ ಹೊತ್ತು ಪೂರಾ ಬಂದ್. ಆದರೂ ಹತ್ತು ಸುತ್ತು, ದಿನಕ್ಕೆ 4,000 ಲೀಟರ್. ಮನೆಗೆ, ಎಮ್ಮೆಗೆ, ನಾಲ್ಕು ಸಾಲು ಮೆಂತ್ಯೆ-ಪುಂಡಿಪಲ್ಲೆಗೆ ಸಾಕಾಗಿ ಉಳಿಯುತ್ತದೆ.

ನಡುವೆ ಒಂದಿಷ್ಟು ಬೇರೆ ಪ್ರಯೋಗವನ್ನೂ ಮಾಡಿದೆ. ಮಾಳಿಗೆಯ ಮಳೆನೀರನ್ನು ಪೈಪಿನಲ್ಲಿ ನೇರ ಕೇಸಿಂಗಿಗೇ ಬಿಟ್ಟೆ. ದೊಡ್ಡ ತಪ್ಪು. ಎರಡು ಮಳೆಗೇ ನೀರು ನಾರತೊಡಗಿತು, ಮತ್ತೆ ಫ್ಲಶಿಂಗ್, ಮತ್ತೆ 9,000. ಆಮೇಲೆ ಕೇಸಿಂಗ್ ಸುತ್ತ ಎಂಟಡಿ ಗುಂಡಿ ತೋಡಿ, ಕೇಸಿಂಗಿಗೆ ಸಣ್ಣ ರಂಧ್ರ ಹೊಡೆದು ಜಾಳಿಗೆ ಸುತ್ತಿ, ಕೆಳಗೆ ದಪ್ಪ ಕಲ್ಲು, ಮೇಲೆ ಖಡಿ, ಇದ್ದಲಿ, ಉಸುಕು ತುಂಬಿಸಿದೆ. ಸಾವಿರ ಚದರಡಿ ಮಾಳಿಗೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ 2,300 ಲೀಟರ್ ಚಿಲ್ಲರೆ. ಸೋರಿ ಆರಿ ಹೋದದ್ದು ಬಿಟ್ಟರೂ 1,800 ಒಳಗೆ ಹೋಗುತ್ತದೆ. ಹೋದ ಹಿಂಗಾರಿನ ನಂತರ ಮಟ್ಟ 150ಕ್ಕೆ ಬಂದಿತ್ತು.

ಫ್ಲೋರೈಡ್ ವಿಷಯ ಬೇರೆ. ನಮ್ಮ ನೀರು ಪರೀಕ್ಷೆಯಲ್ಲಿ 2 ದಾಟಿತ್ತು, ಮಿತಿ ಲೀಟರಿಗೆ ಒಂದೂವರೆ ಮಿಲಿಗ್ರಾಂ. ನುಗ್ಗೆಬೀಜ ಅರೆದು ಹಾಕಿ ನೋಡಿದೆ, ಕೆಸರು ಚೆಂದ ಕುಳಿತಿತು, ಫ್ಲೋರೈಡ್ ಅಷ್ಟೇ ಇತ್ತು. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತದೆ. ಕುಡಿಯಲು ಇಂದಿಗೂ ಶುದ್ಧ ನೀರಿನ ಘಟಕದ ಕ್ಯಾನೇ. ಮಕ್ಕಳಿರುವ ಮನೆಯವರು ಇದರಲ್ಲಿ ಉದಾಸೀನ ಮಾಡಬೇಡಿ.

ಈ ಬ್ಯಾಸಿಗೆಯಲ್ಲಿ ಮಟ್ಟ 195ಕ್ಕೆ ಇಳಿದಾಗ ಟೈಮರನ್ನು 7 ನಿಮಿಷ, 100 ನಿಮಿಷಕ್ಕೆ ತಿರುಗಿಸಿದೆ, ಅಷ್ಟೆ. ಮೊನ್ನೆ ಅದೇ ಮೋಟಾರಿನ ಹುಡುಗ ಬಂದು, "ಅಣ್ಣಾರ, ಹನಮಸಾಗರದಾಗ ಒಂದು ಬೋರ್ ಹಿಂಗ ಗಾಳಿ ಹೊಡಿಯಾಕತ್ತೈತಿ, ನಿಮ್ಮ ದಾರ ತಗೊಂಡ್ ಬರ್ತೀರೇನ್ರಿ?" ಅಂದ. ಆದಿತ್ಯವಾರ ಹೋಗುತ್ತಿದ್ದೇನೆ.