ಜನವರಿ 26ರ ಇನ್ನೊಂದು ಮುಖವನ್ನು ತರಗತಿಯಲ್ಲಿ ತೋರಿಸುವ ಬಗೆ

ಬೆಂಗಳೂರಿನ ಮಾಣೆಕ್ ಷಾ ಪರೇಡ್ ಮೈದಾನದಲ್ಲಿ ಗಣರಾಜ್ಯೋತ್ಸವ ನಡೆಯುವ ದಿನವೇ ಆಸ್ಟ್ರೇಲಿಯಾದ ರಾಷ್ಟ್ರೀಯ ದಿನವೂ ಹೌದು; ಪ್ರೌಢಶಾಲೆಯ ಪಾಠವನ್ನು ಇಲ್ಲಿಂದಲೇ ಆರಂಭಿಸಿ. ಕರಿಹಲಗೆಯ ಮೇಲೆ 1788 ಮತ್ತು 1950 ಎಂದು ಅಕ್ಕಪಕ್ಕ ಬರೆದು, ಮೊದಲನೆಯದು ಸಿಡ್ನಿ ಕೋವ್‌ನಲ್ಲಿ ಬ್ರಿಟಿಷರು ಧ್ವಜ ನೆಟ್ಟ ವರ್ಷ, ಎರಡನೆಯದು ನಮ್ಮ ಸಂವಿಧಾನ ಜಾರಿಗೆ ಬಂದ ವರ್ಷ ಎಂದು ವಿವರಿಸಿ. ಅಲ್ಲಿನ ಮೂಲನಿವಾಸಿಗಳು 1938ರಲ್ಲೇ ಆ ದಿನವನ್ನು ಶೋಕದಿನವೆಂದು ಸಾರಿದ್ದನ್ನು ಮರೆಯದೆ ಸೇರಿಸಿ.

ಹೆಚ್ಚಿನ ಸಮಯವನ್ನು ನೆಲದ ಪ್ರಶ್ನೆಗೆ ಮೀಸಲಿಡಿ. ಹತ್ತಾರು ಸಾವಿರ ವರ್ಷಗಳಿಂದ ಜನ ಬಾಳಿದ ಭೂಮಿಯನ್ನು ಯಾರಿಗೂ ಸೇರದ್ದೆಂದು ಬಗೆದ ಕಲ್ಪನೆಯನ್ನು ಅಲ್ಲಿನ ಹೈಕೋರ್ಟ್ ತಳ್ಳಿಹಾಕಿದ್ದು 1992ರ ಜೂನ್‌ನಲ್ಲಿ; ದಾವೆ ಹೂಡಿದ್ದ ಎಡ್ಡಿ ಮಾಬೊ ಅಷ್ಟರಲ್ಲಿ ತೀರಿಕೊಂಡಿದ್ದರು. ವಿಧಾನಸೌಧದ ಎದುರಿನ ಕೆಂಪು ಕಟ್ಟಡವನ್ನಷ್ಟೇ ಹೈಕೋರ್ಟ್ ಎಂದು ಬಲ್ಲ ನಮ್ಮ ಮಕ್ಕಳಿಗೆ, ಅದು ಅಲ್ಲಿನ ಅತ್ಯುನ್ನತ ನ್ಯಾಯಾಲಯವೆಂದು ಬಿಡಿಸಿ ಹೇಳಬೇಕು.

ಅಲ್ಲಿನ ಸರ್ಕಾರವೇ ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡ ನೀತಿಯನ್ನು ಹೇಳುವಾಗ ಅವಸರ ಬೇಡ. ನನ್ನ ಮಟ್ಟಿಗೆ ಈ ಪಾಠದ ಹೃದಯವೇ ಅದು. 2008ರಲ್ಲಿ ಪ್ರಧಾನಿ ಕೆವಿನ್ ರುಡ್ ಅದಕ್ಕಾಗಿ ಸಂಸತ್ತಿನಲ್ಲಿ ಕ್ಷಮೆ ಕೋರಿದ್ದನ್ನೂ, 2023ರ ಜನಮತಗಣನೆಯಲ್ಲಿ ಮೂಲನಿವಾಸಿಗಳ ಸಲಹಾ ಮಂಡಳಿಯನ್ನು ರಚಿಸುವ ಪ್ರಸ್ತಾವ ಸೋತದ್ದನ್ನೂ ತಿಳಿಸಿ, ರಾಷ್ಟ್ರೀಯ ದಿನವನ್ನು ಯಾರು ಆರಿಸಬೇಕೆಂಬ ಚರ್ಚೆಯನ್ನು ವಿದ್ಯಾರ್ಥಿಗಳಿಗೇ ಬಿಟ್ಟುಕೊಡಿ.