ಬೆಳಿಗ್ಗೆ ಸರಿ, ಘಾಟಿನಲ್ಲಿ ಕಲ್ಲು: ನನ್ನ ಹಳೇ ಕಾರಿನ ಪವರ್ ಬ್ರೇಕ್

ಕೊಟ್ಟಿಗೆಹಾರದಲ್ಲಿ ಟೀ ಕುಡಿದು ಚಾರ್ಮಾಡಿ ಘಾಟ್ ಇಳಿಯಲು ಹೊರಟಿದ್ದೆವು. ನಾಲ್ಕೈದು ತಿರುವು ಆಗಿತ್ತಷ್ಟೇ, ಬ್ರೇಕ್ ಪೆಡಲ್ ಕಲ್ಲಿನ ಹಾಗಾಯಿತು. ಎಷ್ಟು ತುಳಿದರೂ ಕೆಳಗಿಳಿಯುತ್ತಿಲ್ಲ. ಗೇರ್ ಒಂದಕ್ಕೆ ಹಾಕಿ, ಎರಡೂ ಕಾಲಲ್ಲಿ ಒತ್ತಿ ಹಿಡಿದೆ. "ಏನ್ರೀ, ಎತ್ತಿನಗಾಡಿ ಥರ ಹೋಗ್ತಿದ್ದೀರಲ್ಲ?" ಎಂದಳು ನನ್ನವಳು. ನಾನು ಉತ್ತರ ಕೊಡಲಿಲ್ಲ. ಸ್ವಲ್ಪ ಅಗಲ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಮುಕ್ಕಾಲು ಗಂಟೆ ಕಾದೆವು. ಆಮೇಲೆ ನೋಡಿದರೆ ಬ್ರೇಕ್ ಸರಿಯಾಗೇ ಇದೆ!

ಕಾರು 1999ರದ್ದು, ಪೆಟ್ರೋಲ್. ಗ್ಯಾರೇಜಿನವನು "ಬ್ರೇಕ್ ಕಾದಿದೆ ಸಾರ್, ಪ್ಯಾಡ್ ಹೋಗಿರುತ್ತೆ" ಎಂದ. ಪ್ಯಾಡ್ ಹಾಕಿಸಿದೆ. ಬ್ರೇಕ್ ಆಯಿಲ್ ಬದಲಿಸಿ ಏರ್ ತೆಗೆಸಿದೆ. ಮುಂದಿನ ಸಲ ಘಾಟಿನಲ್ಲಿ ಮತ್ತೆ ಅದೇ ಕಥೆ. ನಿಜ ಹೇಳಬೇಕೆಂದರೆ ನಾನೇ ಗಮನಿಸಬೇಕಿತ್ತು. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಆಯಿಲ್, ಏರ್ ಅಥವಾ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಕಡೆ ನೋಡಬೇಕು. ಗಟ್ಟಿಯಾದರೆ ಮೊದಲ ಅನುಮಾನ ಬೂಸ್ಟರ್ ಮೇಲೆ.

ಎರಡು ಬಾಣಲೆ ಮುಖಾಮುಖಿ ಇಟ್ಟಂಥ ಕಪ್ಪು ಡಬ್ಬ ಇರುತ್ತದಲ್ಲ, ಮಾಸ್ಟರ್ ಸಿಲಿಂಡರ್ ಹಿಂದೆ, ಅದೇ ಬೂಸ್ಟರ್. ಒಳಗೆ ರಬ್ಬರ್ ಡಯಾಫ್ರಾಂ, ಅಂದರೆ ಒಂದು ಪರದೆ. ಇಂಜಿನ್ ಒಂದು ಪೈಪಿನಿಂದ ಅದರೊಳಗಿನ ಗಾಳಿ ಎಳೆಯುತ್ತದೆ. ಹಾಗೆ ಗಾಳಿ ಖಾಲಿಯಾದಾಗ ಆಗುವ ವ್ಯಾಕ್ಯೂಮೇ ನಮ್ಮ ಕಾಲಿಗೆ ಬಲ. ಗಾಳಿ ವಾಪಸ್ ನುಗ್ಗದಿರಲು ನಡುವೆ ಒಂದು ವಾಲ್ವ್. ಇಂಜಿನ್ ಆಫ್ ಆದರೂ ಎರಡು ಮೂರು ಸಲ ಒತ್ತುವಷ್ಟು ವ್ಯಾಕ್ಯೂಮ್ ಉಳಿದಿರುತ್ತದೆ, ಅಷ್ಟೇ. ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡಿ ಘಾಟ್ ಇಳಿಸುವ ಜಾಣರಿದ್ದಾರಲ್ಲ, ಅವರಿಗೆ ಇದು ಗೊತ್ತಿರಲಿ.

ಭಾನುವಾರ ಬೆಳಿಗ್ಗೆ ನಾನೇ ಕೂತೆ. ಇಂಜಿನ್ ಆಫ್ ಇದ್ದಾಗ ಐದಾರು ಸಲ ಒತ್ತಿ ಪೆಡಲ್ ಗಟ್ಟಿ ಮಾಡಿಕೊಂಡೆ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿದೆ. ಪೆಡಲ್ ಚೂರು ಕೆಳಗಿಳಿಯಿತು, ಅಂದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಆಮೇಲೆ ಇಂಜಿನ್ ಓಡುವಾಗಲೇ ಒತ್ತಿ ಹಿಡಿದು, ಆಫ್ ಮಾಡಿ ಅರ್ಧ ನಿಮಿಷ ಕಾದೆ. ಪೆಡಲ್ ಕಾಲನ್ನು ಮೇಲಕ್ಕೆ ತಳ್ಳಲಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಬುಸ್ ಅನ್ನೋ ಸದ್ದೂ ಇಲ್ಲ. ಅಂದರೆ ಗಾಳಿ ಎಲ್ಲೂ ಸೋರುತ್ತಿಲ್ಲ. ಎಲ್ಲ ಪಾಸ್. ತಲೆ ಕೆಟ್ಟುಹೋಯಿತು.

ಕಾಫಿ ಕುಡಿಯುವಾಗ ಹೊಳೆಯಿತು. ಘಾಟಿನಲ್ಲಿ ಬ್ರೇಕೂ ಬಿಸಿ, ಇಂಜಿನ್ನೂ ಬಿಸಿ. ಎರಡನ್ನೂ ಬೇರೆ ಬೇರೆ ಮಾಡಿ ನೋಡಬೇಕಲ್ವಾ? ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿ ಅರ್ಧ ಗಂಟೆ ಐಡ್ಲಿಂಗಿನಲ್ಲಿ ಬಿಟ್ಟೆ. ಈಗ ಚಕ್ರ ತಣ್ಣಗೆ, ಇಂಜಿನ್ ಮಾತ್ರ ಕೆಂಡ. ಬೇಗ ಬೇಗ ಪೆಡಲ್ ಒತ್ತಿದೆ. ಮೂರನೇ ಸಲಕ್ಕೆ ಕಲ್ಲು!

ಬಾನೆಟ್ ಎತ್ತಿದೆ. ವ್ಯಾಕ್ಯೂಮ್ ಪೈಪ್ ಬಗ್ಗುವ ಜಾಗದಲ್ಲಿ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಎಳನೀರಿನ ಗಂಜಿ ಸಿಕ್ಕಿಕೊಂಡ ಸ್ಟ್ರಾವನ್ನು ಜೋರಾಗಿ ಹೀರಿದರೆ ಆಗುತ್ತದಲ್ಲ, ಹಾಗೆ. ಇಂಜಿನ್ ಆಫ್ ಮಾಡಿದ ಮೇಲೆ ನಿಧಾನಕ್ಕೆ ಗುಂಡಗಾಯಿತು. ಹಿಂದೆ ಯಾವಾಗಲೋ ಯಾರೋ ಪೆಟ್ರೋಲ್ ಪೈಪಿನ ತುಂಡು ಕತ್ತರಿಸಿ ಹಾಕಿದ್ದರು. ಅದು ಒಳಗಿನಿಂದ ಬರುವ ಒತ್ತಡ ತಡೆಯುತ್ತದೆ, ಎಳೆತ ಅಲ್ಲ. ಬಿಸಿಗೆ ಮೆತ್ತಗಾದರಂತೂ ಮುಗಿಯಿತು. ಘಾಟ್ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟಿರುತ್ತೇವೆ, ಆಗಲೇ ಇಂಜಿನ್ ಎಳೆತ ಜಾಸ್ತಿ. ಬ್ರೇಕ್ ಬೇಕಾಗುವುದೂ ಆಗಲೇ.

ವ್ಯಾಕ್ಯೂಮಿಗೆಂದೇ ಬರುವ ದಪ್ಪ ಪೈಪ್ ಕೇಳಿ ತಂದೆ. ಕೈ ಹಾಕಿದ್ದಕ್ಕೆ ವಾಲ್ವನ್ನೂ ತೆಗೆದು ಊದಿ ನೋಡಿದೆ. ಒಂದು ಕಡೆಯಿಂದ ಗಾಳಿ ಹೋಯಿತು, ಇನ್ನೊಂದು ಕಡೆಯಿಂದ ಹೋಗಲಿಲ್ಲ, ಅಂದರೆ ಚೆನ್ನಾಗಿದೆ. ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಕೂಡುವ ಕಡೆ ಕೆಳಗೆ ಬೆರಳಾಡಿಸಿದೆ, ಆಯಿಲ್ ಪಸೆ ಇಲ್ಲ, ಅಂದರೆ ಅಲ್ಲೂ ಸೋರಿಕೆ ಇಲ್ಲ.

ಮತ್ತೆ ಅರ್ಧ ಗಂಟೆ ಐಡ್ಲಿಂಗ್. ಈ ಸಲ ಹತ್ತು ಬಾರಿ ಒತ್ತಿದೆ. ಹತ್ತನೆಯದೂ ಮೊದಲನೆಯದರಷ್ಟೇ ಹಗುರ.