ಮತ್ತೆ ಚಿತ್ರ ಬರೆಯಲು ಕೂರುವವರಿಗೆ: ಡಿಜಿಟಲ್ ಬಣ್ಣಗಾರಿಕೆಯ ಮೊದಲ ಹೆಜ್ಜೆಗಳು

ಬ್ರಷ್ ಕೆಳಗಿಟ್ಟು ಎಷ್ಟೋ ವರ್ಷವಾಗಿದ್ದರೂ ನೆರಳು-ಬೆಳಕನ್ನು ಗುರುತಿಸುವ ಕಣ್ಣು ಅಷ್ಟು ಸುಲಭಕ್ಕೆ ಮಂಕಾಗುವುದಿಲ್ಲ. ಹೊಸದಾಗಿ ಪಳಗಬೇಕಾದದ್ದು ಕೈ. ಹಾಗಾಗಿ ಮೊದಲ ಎರಡು ವಾರ ಸಾಫ್ಟ್‌ವೇರಿನ ನೂರಾರು ಬ್ರಷ್‌ಗಳ ಗೊಡವೆಗೆ ಹೋಗಬೇಡಿ. ಒಂದು ಬ್ರಷ್, ಮೂರು ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಪದರ) ಧಾರಾಳ ಸಾಕು.

ಕಂಪ್ಯೂಟರ್ ಇದ್ದವರು ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್‌ನಿಂದ, ಅಂದರೆ ಮೇಲೆ ಪೆನ್ ಆಡಿಸಿದರೆ ಗೆರೆ ಕಂಪ್ಯೂಟರ್ ಪರದೆಯಲ್ಲಿ ಮೂಡುವ ಹಲಗೆಯಿಂದ, ಶುರು ಮಾಡುವುದೇ ಒಳ್ಳೆಯದು. ಖರ್ಚು ಕಡಿಮೆ, ಕತ್ತು ಬಗ್ಗಿಸದೆ ನೇರ ಕೂತು ಬರೆಯಬಹುದು. ಬರೆಯುವ ಜಾಗ ಸುಮಾರು 10×6 ಇಂಚು ಇರಲಿ. ತೀರಾ ಚಿಕ್ಕದಾದರೆ ತೋಳು ಆಡುವುದಿಲ್ಲ, ಎಲ್ಲವನ್ನೂ ಮಣಿಕಟ್ಟಿನಿಂದಲೇ ಗೀಚಬೇಕಾಗುತ್ತದೆ. ಸಾಫ್ಟ್‌ವೇರಿಗೆ ಕ್ರಿಟಾ ಸಾಕು. ಉಚಿತವಾದದ್ದು, ಚಿತ್ರಕಾರರಿಗೆಂದೇ ಮಾಡಿದ್ದು.

ಹಳೆಯ ಟ್ಯಾಬ್ಲೆಟ್‌ನ ಡ್ರೈವರ್ (ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶ) ಉಳಿದಿದ್ದರೆ ಅದನ್ನು ಮೊದಲು ತೆಗೆದುಹಾಕಿ. ಎರಡು ಡ್ರೈವರ್‌ಗಳು ಒಂದಕ್ಕೊಂದು ಅಡ್ಡ ಬಂದರೆ ಪೆನ್ನಿನ ಒತ್ತಡ ದಾಖಲಾಗುವುದಿಲ್ಲ, ಎಷ್ಟೇ ಒತ್ತಿದರೂ ಗೆರೆ ಒಂದೇ ದಪ್ಪಕ್ಕೆ ಬರುತ್ತದೆ. ವಿಂಡೋಸ್‌ನಲ್ಲಿ ಆಮೇಲೂ ಹೀಗೇ ಆದರೆ ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್‌ಗೆ ಹೋಗಿ. ಪೆನ್ನಿನ ಸಂಕೇತ ಓದುವ ಎರಡು ವಿಧಾನ ಅಲ್ಲಿವೆ: ವಿನ್‌ಟ್ಯಾಬ್ ಆಯ್ಕೆಯಾಗಿದ್ದರೆ ವಿಂಡೋಸ್ ಇಂಕ್‌ಗೆ, ವಿಂಡೋಸ್ ಇಂಕ್ ಆಗಿದ್ದರೆ ವಿನ್‌ಟ್ಯಾಬ್‌ಗೆ ಬದಲಿಸಿ, ಕ್ರಿಟಾವನ್ನು ಮುಚ್ಚಿ ಮತ್ತೆ ತೆರೆಯಿರಿ.

ಈಗ ಒಂದು ಡಬ್ಬಿಯ ದುಂಡು ಮುಚ್ಚಳವನ್ನು ಟ್ಯಾಬ್ಲೆಟ್ ಮೇಲಿಟ್ಟು ಅದರ ಅಂಚಿಗೆ ಪೆನ್ ತಾಗಿಸಿ ಸುತ್ತು ಹಾಕಿ. ಪರದೆಯ ಮೇಲೆ ಮೊಟ್ಟೆಯಾಕಾರ ಬಂತೇ? ಟ್ಯಾಬ್ಲೆಟ್ಟಿನ ಉದ್ದಗಲದ ಅನುಪಾತಕ್ಕೂ ಪರದೆಯದಕ್ಕೂ ತಾಳೆಯಾಗಿಲ್ಲ ಎಂದರ್ಥ. ಡ್ರೈವರಿನಲ್ಲಿ ಅನುಪಾತ ಕಾಯ್ದುಕೊಳ್ಳುವ ಆಯ್ಕೆಗೆ ಗುರುತು ಹಾಕಿ. ಇದನ್ನು ಮಾಡದೆ ಬಿಟ್ಟರೆ ಮುಖಗಳೆಲ್ಲ ಅಗಲವಾಗಿಯೋ ಉದ್ದವಾಗಿಯೋ ಬರುತ್ತವೆ, ತಪ್ಪು ಕೈಯದೇ ಎಂದುಕೊಂಡು ಕೊರಗುವುದಾಗುತ್ತದೆ.

ನುಣುಪು ಮೈಮೇಲೆ ಪೆನ್ ಜಾರುವುದರಿಂದಲೂ ಗೆರೆ ನಡುಗುತ್ತದೆ. ಪರದೆಯಿಲ್ಲದ ಟ್ಯಾಬ್ಲೆಟ್ ಮೇಲೆ ತೆಳು ಬಿಳಿ ಹಾಳೆಯೊಂದನ್ನು ಅಂಟಿಸಿ ನೋಡಿ, ಕಾಗದದ ಹಿಡಿತ ಮರಳಿ ಸಿಗುತ್ತದೆ. ಪೆನ್ನಿನ ತುದಿಯ ನಿಬ್ ಸ್ವಲ್ಪ ಬೇಗ ಸವೆಯುತ್ತದೆ ನಿಜ, ಆದರೂ ಮಾಡಬೇಕಾದ ಕೆಲಸ. ದಿನವೂ ಹತ್ತು ನಿಮಿಷ ಮೊಣಕೈಯಿಂದ ಕೈ ಬೀಸಿ ಉದ್ದ ಗೆರೆ, ದೊಡ್ಡ ವೃತ್ತ ಎಳೆಯಿರಿ. ನಿಧಾನಕ್ಕೆ ಎಳೆದಷ್ಟೂ ನಡುಕ ಹೆಚ್ಚು.

ಮೊದಲ ಚಿತ್ರಕ್ಕೆ ಕಿಟಕಿ ಪಕ್ಕ ಇಟ್ಟ ಒಂದು ಲೋಟ ಇರಲಿ. ಎ4 ಹಾಳೆಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಅಂದರೆ 2480×3508 ಪಿಕ್ಸೆಲ್. ಯಂತ್ರ ತಡವರಿಸಿದರೆ ಅಭ್ಯಾಸಕ್ಕೆ ಅದರ ಅರ್ಧ ಅಳತೆಯಾದರೂ ನಡೆದೀತು. ಮೇಲಿನ ಲೇಯರ್‌ನಲ್ಲಿ ಸ್ಕೆಚ್ ಹಾಕಿ ಅದರ ಅಪಾರದರ್ಶಕತೆಯನ್ನು (ಒಪ್ಯಾಸಿಟಿ) 30%ಗೆ ಇಳಿಸಿ. ಕೆಳಗಿನ ಲೇಯರ್‌ನಲ್ಲಿ ಲೋಟದ ಆಕಾರವನ್ನು ನಡುಮಟ್ಟದ ಒಂದೇ ಬಣ್ಣದಿಂದ ಗಟ್ಟಿಯಾಗಿ ತುಂಬಿ. ಜಲವರ್ಣದವರಿಗೆ ಇಲ್ಲಿ ಕೈ ತಡೆಯುತ್ತದೆ, ಬಿಳಿ ಬಿಟ್ಟುಕೊಳ್ಳಲು ಮನಸ್ಸು ಹೇಳುತ್ತದೆ. ಬೇಕಿಲ್ಲ. ತೈಲವರ್ಣದ ಹಾಗೆ ಬೆಳಕನ್ನು ಕೊನೆಗೆ ಮೇಲಿನಿಂದ ಇಡಬಹುದು.

ನೆರಳಿಗೆ ಈ ಎರಡರ ನಡುವೆ ಮತ್ತೊಂದು ಲೇಯರ್ ತೆಗೆದು ಅದರ ಮೋಡ್ ಅನ್ನು, ಅಂದರೆ ಕೆಳಗಿನ ಬಣ್ಣದೊಂದಿಗೆ ಬೆರೆಯುವ ರೀತಿಯನ್ನು, ಮಲ್ಟಿಪ್ಲೈಗೆ ಇಡಿ. ಇದು ಕೆಳಗಿನ ಬಣ್ಣವನ್ನೇ ಗಾಢಗೊಳಿಸುತ್ತದೆ, ಆದ್ದರಿಂದ ಕಪ್ಪು ಬೇಡವೇ ಬೇಡ. ಕಪ್ಪು ಹಚ್ಚಿದರೆ ಬುಡದ ಬಣ್ಣ ಸತ್ತೇಹೋಗುತ್ತದೆ. ತಿಳಿ ನೀಲಿಬೂದು ತೆಗೆದುಕೊಳ್ಳಿ. ನೆರಳು ಲೋಟದ ಅಂಚು ದಾಟದಂತೆ ನೆರಳಿನ ಲೇಯರ್‌ನ ಇನ್‌ಹೆರಿಟ್ ಆಲ್ಫಾ (ಕೆಳಗೆ ಬಣ್ಣ ಇರುವಲ್ಲಿ ಮಾತ್ರ ಈ ಲೇಯರ್ ಕಾಣುವಂತೆ ಮಾಡುವ ಗುಂಡಿ) ಒತ್ತಬೇಕು. ಆದರೆ ಬುಡದ ಲೇಯರ್, ನೆರಳಿನ ಲೇಯರ್ ಎರಡನ್ನೂ ಮೊದಲು ಒಂದು ಗ್ರೂಪ್‌ಗೆ (ಲೇಯರ್‌ಗಳ ಕಟ್ಟು) ಹಾಕಿ. ಹಾಕದಿದ್ದರೆ ಹಿನ್ನೆಲೆಯ ಬಿಳಿಯೂ ಲೆಕ್ಕಕ್ಕೆ ಬಂದು ನೆರಳು ಹಾಳೆಯ ತುಂಬ ಹರಡುತ್ತದೆ. ಕ್ರಿಟಾಕ್ಕೆ ಹೊಸಬರು ಎಡವುವ ಜಾಗ ಇದು.

ಲೋಟದ ಮೈ ದುಂಡಗೆ ತಿರುಗುವಲ್ಲಿ ಮಾತ್ರ ನೆರಳಿನ ಅಂಚು ಮೃದುವಾಗಿರಲಿ. ಕಂಠದ ನೆರಳು ಒಳಗೋಡೆಗೆ ಬೀಳುವ ಕಡೆ ಗೆರೆ ಕೊಯ್ದಂತಿರಲಿ. ಎಲ್ಲ ಕಡೆ ಮೃದು ಅಂಚಿನ ಏರ್‌ಬ್ರಷ್ ಆಡಿಸಿದರೆ ಲೋಟ ಬಲೂನಿನಂತೆ ಕಾಣುತ್ತದೆ. ಹೊಳಪನ್ನು ಬುಡದ ಲೇಯರ್‌ನಲ್ಲೇ, ನೆರಳು ತಾಗದ ಕಡೆ ಇಡಿ.

ಜೂಮ್ ಮಾಡಿ ಒಂದೇ ಮೂಲೆ ತಿದ್ದುತ್ತ ಕೂರಬೇಡಿ. ಆಗಾಗ ಎಂ ಕೀ ಒತ್ತಿ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೆ ವಾಲಿಕೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಎಲ್ಲಕ್ಕಿಂತ ಮೇಲೆ ಕಪ್ಪು ತುಂಬಿದ ಲೇಯರ್ ಇಟ್ಟು ಮೋಡ್ ಅನ್ನು ಕಲರ್‌ಗೆ ಬದಲಿಸಿದರೆ ಚಿತ್ರ ಬೂದುಬಣ್ಣದಲ್ಲಿ ಕಾಣುತ್ತದೆ. ಲೋಟ ಹಿನ್ನೆಲೆಯಲ್ಲಿ ಕರಗಿಹೋದರೆ ನೆರಳು ಇನ್ನೂ ಗಾಢವಾಗಬೇಕು. ನೋಡಿದ ಮೇಲೆ ಆ ಲೇಯರನ್ನು ಮರೆಮಾಡಿ.

ಲೇಯರ್‌ಗಳು ಉಳಿಯಲು ಕ್ರಿಟಾದ್ದೇ ಆದ ಕೆಆರ್‌ಎ ಕಡತವಾಗಿ, ಹಂಚಿಕೊಳ್ಳಲು ಪಿಎನ್‌ಜಿಯಾಗಿ ಉಳಿಸಿ. ಮುದ್ರಿಸುವುದಿದ್ದರೆ ಪರದೆಯ ಹೊಳಪನ್ನು ಮೊದಲೇ ತಗ್ಗಿಸಿಕೊಂಡು ಬಣ್ಣ ಹಚ್ಚಿ. ಪ್ರಖರ ಪರದೆಯಲ್ಲಿ ಸರಿಯೆನಿಸಿದ ನೆರಳು ಕಾಗದದ ಮೇಲೆ ಮಸಿಯಂತೆ ಕಾಣುತ್ತದೆ.